ಕೆಂಪು ಗೆರೆ ಎಳೆದ ಮಾತು

ಬಂಗುಡೆಯ ಹೊಟ್ಟೆ ಸೀಳುತ್ತಾ ಹಿತ್ತಲಿನಲ್ಲಿ ಕುಳಿತಿದ್ದಾಗ, ಕೂಳೂರಿನ ಗೇರುಬೀಜ ಕಾರ್ಖಾನೆಯ ಹಳೇ ಯಜಮಾನರು ತೀರಿಹೋದರಂತೆ ಎಂದು ನಮ್ಮವರು ಗೇಟಿನಿಂದಲೇ ಹೇಳಿದರು. ಶಿಲುಬೆಯ ಗುರುತು ಹಾಕಲು ಕೈ ಎತ್ತಿದೆ. ಕೈ ತುಂಬ ಮೀನಿನ ರಕ್ತ. ಮನಸ್ಸಿನಲ್ಲೇ ಹಾಕಿಕೊಂಡೆ. ಮನಸ್ಸಿನಲ್ಲಿ ಹಾಕಿದ್ದೂ ದೇವರಿಗೆ ಕಾಣುತ್ತದಲ್ಲ, ಅಷ್ಟು ದಯೆ ಸಾಕು. ಒಳಗಿದ್ದ ಭಾವ ಮಾತ್ರ "ಎಷ್ಟು ಗಂಟೆಗೆ?" ಎಂದು ಕೇಳಿ, ಅದನ್ನು ಬರೆದಿಟ್ಟುಕೊಂಡರು.

ಈ ಊರಿನ ಹನ್ನೊಂದು ಮಂದಿ ದೊಡ್ಡ ಉದ್ಯಮಿಗಳ ಗುಟ್ಟು ನಮ್ಮ ಮನೆಯ ಅಕ್ಕಿ ಡಬ್ಬದ ಮೇಲೆ ಕಟ್ಟಾಗಿ ಕೂತಿದೆ ಎಂದರೆ ನೀವು ನಂಬುತ್ತೀರಾ? ನಂಬಬೇಕು. ಅದು ಭಾವನ ಕೆಲಸ.

ಭಾವ ಎಂದರೆ ನಮ್ಮವರ ಅಣ್ಣ. ಮದುವೆಯಾಗಿಲ್ಲ, ನಮ್ಮಲ್ಲೇ ಇರುವುದು. ಪಣಂಬೂರಿನ ಒಂದು ಕಚೇರಿಯಲ್ಲಿ ಜೀವನವಿಡೀ ಶೀಘ್ರಲಿಪಿಕಾರರಾಗಿದ್ದವರು. ದೊಡ್ಡವರು ಹೇಳುವುದು, ಇವರು ಸೊಟ್ಟ ಗೀಟುಗಳಲ್ಲಿ ಬರೆದುಕೊಳ್ಳುವುದು, ಆಮೇಲೆ ಟೈಪಿಸುವುದು. ನಿವೃತ್ತರಾದ ಮೇಲೆ ಹೇಳುವವರು ಯಾರೂ ಇಲ್ಲ. ನಾನು ಸಾಮಾನಿನ ಪಟ್ಟಿ ಹೇಳಿದರೆ ಅದನ್ನೇ ಶೀಘ್ರಲಿಪಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಅಂಗಡಿಯವನು ಅದನ್ನು ಕಂಡು ಮಾಟದ ಚೀಟಿಯೆಂದು ಹೆದರಿದ್ದೂ ಉಂಟು!

ಅಂಥವರ ತಲೆಗೆ ಯಾರೋ ಒಂದು ಯೋಚನೆ ತುಂಬಿಸಿದರು. ಯಶಸ್ವಿ ಉದ್ಯಮಿಗಳನ್ನು ಸಂದರ್ಶಿಸಿ, ಅವರ ಅನುಭವವನ್ನು ಪಾಠದ ಕಟ್ಟು ಮಾಡಿ ಮಾರಿದರೆ, ಹೊಸದಾಗಿ ವ್ಯಾಪಾರಕ್ಕಿಳಿಯುವವರು ಮುಗಿಬಿದ್ದು ಕೊಳ್ಳುತ್ತಾರಂತೆ. ಭಾವ ಇಸ್ತ್ರಿ ಅಂಗಿ ಹಾಕಿ ಹೊರಟೇಬಿಟ್ಟರು. ಐಸಿನವರು, ಹಂಚಿನವರು, ಬಸ್ಸಿನವರು, ಮೀನಿನ ಹಿಟ್ಟಿನವರು, ಆ ಗೇರುಬೀಜದ ಯಜಮಾನರು, ಯಾರನ್ನೂ ಬಿಡಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಾರದೇ ಎಂದು ನಮ್ಮವರು ಕೇಳಿದ್ದಕ್ಕೆ, ಯಂತ್ರಕ್ಕೆ ಕೇಳಿಸುತ್ತದೆ, ಗಮನ ಇರುವುದಿಲ್ಲ ಎಂದರು.

ಇವರ ಗಮನ ಎಂಥದ್ದೆಂದರೆ, ಐಸಿನ ಧಣಿಯ ಮೊದಲ ಪಾಠ ಹೀಗಿತ್ತು: "ಸೋಲಿಗೆ ಹೆದರಬಾರದು, ಹಾಂ, ನನ್ನ ಚಾಕ್ಕೆ ಸಕ್ಕರೆ ಹಾಕಬೇಡ ಅಂತ ಎಷ್ಟು ಸಲ ಹೇಳುವುದು, ಗ್ರಾಹಕನೇ ದೇವರು." ಆ ಸಕ್ಕರೆಯನ್ನಾದರೂ ತೆಗೆಯಿರಿ ಎಂದು ನಮ್ಮವರು ಬೇಡಿಕೊಂಡರು. ಭಾವ ಒಪ್ಪಲಿಲ್ಲ.

"ಅವರು ಹೇಳಿದ್ದು. ತೆಗೆಯಲಿಕ್ಕೆ ನಾನು ಯಾರು?"

ಅಷ್ಟಕ್ಕೇ ನಿಂತಿದ್ದರೆ ಕಟ್ಟು ಮಾರಾಟವಾಗುತ್ತಿತ್ತೋ ಏನೋ. ಆದರೆ ಕಚೇರಿಯ ಕ್ರಮ ಬಿಡಬೇಕಲ್ಲ! ಸಾಹೇಬರು ನೋಡಿ ಒಪ್ಪದೆ ಒಂದು ಕಾಗದವೂ ಹೊರಗೆ ಹೋಗಬಾರದು. ಟೈಪಿಸಿದ ಪ್ರತಿಯ ಜೊತೆಗೆ ಒಂದೊಂದು ಕೆಂಪು ಪೆನ್ನನ್ನೂ ಲಕೋಟೆಗೆ ಹಾಕಿ ಹನ್ನೊಂದು ಮನೆಗೂ ಕೊಟ್ಟು ಬಂದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಂದ ಹಾಗಾಯಿತು. ಮೀನಿನ ಹಿಟ್ಟಿನವರು ತಮ್ಮ ಸರಕು ಬಂದರಿನಲ್ಲೇ ಕೊಳೆತು ನಾರಿದ ಕತೆಗೆ ಗೆರೆ ಎಳೆದರು. ಬಸ್ಸಿನವರು ನಾನು ಮೊದಲು ಬಸ್ಸು ತೊಳೆಯುತ್ತಿದ್ದೆ ಎಂದು ಹೇಳಿದ್ದನ್ನು ಅವರ ಹೆಂಡತಿಯೇ ಹೊಡೆದು ಹಾಕಿದರು. ಕೊನೆಗೆ ಉಳಿದದ್ದು ಪರಿಶ್ರಮ, ಪ್ರಾಮಾಣಿಕತೆ, ತಂದೆತಾಯಿಯ ಆಶೀರ್ವಾದ. ಹನ್ನೊಂದು ಜನರದ್ದೂ ಅದೇ.

"ಇದನ್ನು ಇಗರ್ಜಿಯಲ್ಲಿ ಪಾದ್ರಿಗಳು ಆದಿತ್ಯವಾರ ಪುಕ್ಕಟೆ ಹೇಳ್ತಾರಲ್ಲ ಅಣ್ಣಾ," ಎಂದರು ನಮ್ಮವರು.

ಆದರೂ ಅಚ್ಚು ಹಾಕಿಸಿ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಇಟ್ಟರು. ಒಂದೇ ಒಂದು ಕಟ್ಟು ಮಾರಾಟವಾಯಿತು. ಕೊಂಡವರು ಆ ಬಸ್ಸಿನವರ ಹೆಂಡತಿ, ತಾವು ಹೊಡೆದದ್ದು ನಿಜವಾಗಿಯೂ ಹೋಗಿದೆಯೋ ಎಂದು ನೋಡಲಿಕ್ಕೆ!

ಉಳಿದ ಕಟ್ಟುಗಳು ರಿಕ್ಷಾದಲ್ಲಿ ಮನೆಗೆ ವಾಪಸು ಬಂದ ದಿನದಿಂದ ಭಾವ ಅಂಗಿಗೆ ಇಸ್ತ್ರಿ ಹಾಕುವುದನ್ನು ಬಿಟ್ಟರು. ಗಡ್ಡ ಬೆಳೆಯಿತು. ಚಾವಡಿಯಲ್ಲಿ ಕುಳಿತರೆ ಕುಳಿತಲ್ಲೇ. ಸಂಜೆ ಜಪಸರ ಹೇಳುವಾಗ ಬಂದು ಮೂಲೆಯಲ್ಲಿ ಕೂರುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಬೆರಳೊಂದು ಮಾತ್ರ ತೊಡೆಯ ಮೇಲೆ ಓಡುತ್ತಿತ್ತು. ಅದೇನೆಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ನಾವು ಹೇಳುವ ನಮೋ ಮರಿಯ ಜಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಊಟ ಮಾಡುತ್ತಾರಲ್ಲ, ನಿದ್ದೆ ಬರುತ್ತದಲ್ಲ ಎಂದು ನಾನು ಒಂದೊಂದೇ ದಯೆ ಎಣಿಸಿಕೊಳ್ಳುತ್ತಿದ್ದೆ. ಎಣಿಸಿ ಮುಗಿದ ಮೇಲೂ ಮನೆಯಲ್ಲಿ ಒಂದು ಮಂಕು ಇದ್ದೇ ಇತ್ತು.

ಹೀಗಿರುವಾಗಲೇ ಗೇರುಬೀಜದ ಯಜಮಾನರು ಹೋದದ್ದು. ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಗಳು ಮುಗಿದ ಮಾರನೆಯ ದಿನ ಅವರ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ತಮ್ಮನನ್ನು ಅಪ್ಪ ಧಣಿಯ ಕುರ್ಚಿಯಲ್ಲಿ ಕೂರಿಸಿದ ದಿನದಿಂದ ಇವಳಿಗೂ ಅಪ್ಪನಿಗೂ ಮಾತು ಇರಲಿಲ್ಲವಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಪ್ಪನಿಗೆ ಬಾಯಿ ನಿಂತಿತ್ತು. ಕಪಾಟಿನಲ್ಲಿ ಭಾವ ಟೈಪಿಸಿದ ಪ್ರತಿ ಸಿಕ್ಕಿತು ಎಂದು ಚೀಲದಿಂದ ತೆಗೆದು ತೋರಿಸಿದಳು. ಒಂದು ಕಡೆ ಕೆಂಪು ಪೆನ್ನು ಒತ್ತಿ ಒತ್ತಿ ಕಾಗದವೇ ಹರಿದಿತ್ತು.

"ಇಲ್ಲಿ 'ಮಗಳು' ಅಂತ ಉಂಟು. ಮುಂದೆ ಎಂತ ಅಂತ ಕಾಣುವುದಿಲ್ಲ," ಎಂದಳು. "ಬೈದದ್ದಾದರೂ ಅಡ್ಡಿಲ್ಲ. ನಿಮ್ಮಲ್ಲಿ ಇನ್ನೊಂದು ಪ್ರತಿ ಇದ್ದರೆ ಕೊಡಿ."

ಭಾವ ಆ ಹರಿದ ಜಾಗವನ್ನೇ ನೋಡುತ್ತಾ ಕುಳಿತರು.

"ಸಾಹೇಬರು ಹೊಡೆದದ್ದನ್ನು ಹೊರಗೆ ಕೊಡುವ ಕ್ರಮ ಇಲ್ಲ," ಎಂದರು ಕೊನೆಗೆ.

ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ, ಚಪ್ಪಲಿಗೆ ಕಾಲು ತೂರಿಸತೊಡಗಿದಳು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಾನು ಭಾವನಿಗೆ ಎದುರು ಮಾತಾಡಿದವಳಲ್ಲ. ಆವತ್ತು ಮಾತಾಡಿದೆ. ದೇವರು ಕ್ಷಮಿಸಲಿ.

"ಅವಳು ಕಾಗದಕ್ಕೆ ಬಂದದ್ದಲ್ಲ ಭಾವ. ಅಪ್ಪ ಎಂತ ಹೇಳಿದ್ರು ಅಂತ ಕೇಳ್ಲಿಕ್ಕೆ ಬಂದದ್ದು."

ಭಾವ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು. ಕೋಪ ಬಂತೆಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆಯಲ್ಲಿ ಉಳಿದಿದ್ದ ಇಸ್ತ್ರಿ ಅಂಗಿ ಹಾಕಿಕೊಂಡು, ಶೀಘ್ರಲಿಪಿಯ ಗೀಟುಗಳ ಪುಸ್ತಕ ಹಿಡಿದು ಹೊರಗೆ ಬಂದರು.

"ಕೂತುಕೊಳ್ಳಿ. ಅವರು ಗೆರೆ ಎಳೆದದ್ದು ಟೈಪಿಸಿದ್ದರಲ್ಲಿ. ಇದರಲ್ಲಿ ಎಳೆಯಲಿಲ್ಲ. ಇದು ನಿಮಗೆ ಓದ್ಲಿಕ್ಕೆ ಬರುವುದಿಲ್ಲ, ನಾನೇ ಓದಬೇಕು."

ಕಚೇರಿಯಲ್ಲಿ ಓದಿ ಹೇಳುವ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ ಓದಿದರು. "ಬೀಜ ಎಲ್ಲ ಹುಳ ಹಿಡಿದ ವರ್ಷ ಕಾರ್ಖಾನೆ ಉಳಿದದ್ದು ನನ್ನಿಂದ ಅಲ್ಲ, ಮಗಳು ಹೇಳಿದ ಹಾಗೆ ಕೇಳಿದ್ದರಿಂದ. ಕುರ್ಚಿ ಕೊಡುವಾಗ ಮಾತ್ರ ಜನ ಎಂತ ಹೇಳ್ತಾರೆ ಅಂತ ನೋಡಿದೆ. ಅದು ತಪ್ಪಾಯ್ತು. ಅವಳಿಗೆ ಹೇಳ್ಬೇಕು ಅಂತ ಉಂಟು, ಬಾಯಿ ಬರುವುದಿಲ್ಲ. ಇದನ್ನು ಬರಕೊಳ್ಬೇಡಿ ಮಾರಾಯ್ರೆ."

ಭಾವ ಅಲ್ಲಿಗೆ ನಿಲ್ಲಿಸಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, ಇನ್ನೊಮ್ಮೆ ಓದ್ತೀರಾ ಎಂದು ಕೇಳಿದಳು. ಭಾವ ಕನ್ನಡಕ ತೆಗೆದು ಒರೆಸಿ, ಮೊದಲಿನಿಂದ ಶುರು ಮಾಡಿದರು.

ನಾನು ಹಿತ್ತಲಿಗೆ ಹೋಗಿ ಒಣಗಿದ್ದ ಬಟ್ಟೆಯನ್ನೆಲ್ಲ ತಂತಿಯಿಂದ ತೆಗೆದು ತಂದು, ಭಾವನ ಅಂಗಿಗಳನ್ನು ಇಸ್ತ್ರಿಗೆಂದು ಬೇರೆ ಇಟ್ಟು, ಉಳಿದದ್ದನ್ನು ಮಡಚಲು ಕುಳಿತೆ.