ಅರಿಶಿನ ಹಚ್ಚಿದ ಮೂಕರ್ಜಿ

ನನಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ನನ್ನ ವಯಸ್ಸಿನವರಿಗೆಲ್ಲ ಇರುವ ಮಂಡಿನೋವು ಕೂಡ ಇಲ್ಲ. ಇರುವುದು ಹೊಟ್ಟೆಕಿಚ್ಚು ಒಂದೇ. ಈ ಕಾಯಿಲೆಯ ವಿಶೇಷವೆಂದರೆ ಇದು ತನಗಿದೆ ಎಂದು ಯಾರೂ ಒಪ್ಪುವುದಿಲ್ಲ, ಪಕ್ಕದ ಮನೆಯವರಿಗಿದೆ ಎಂದು ಮಾತ್ರ ಹೇಳುತ್ತಾರೆ. ನಮ್ಮ ನಂಜನಗೂಡಿನಲ್ಲಿ ಹೊಟ್ಟೆನೋವಿಗೆ, ಚರ್ಮರೋಗಕ್ಕೆ, ಹೆಸರೇ ಗೊತ್ತಿಲ್ಲದ ಕಾಯಿಲೆಗಳಿಗೆಲ್ಲ ನಂಜುಂಡೇಶ್ವರನಿಗೆ ಹರಕೆ ಹೊತ್ತು ಉರುಳುಸೇವೆ ಮಾಡುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ‘ನನ್ನ ಹೊಟ್ಟೆಕಿಚ್ಚು ವಾಸಿ ಮಾಡಪ್ಪಾ’ ಎಂದು ಉರುಳಿದ ಒಬ್ಬನನ್ನೂ ನೋಡಿಲ್ಲ. ನಂಜನ್ನೇ ಕುಡಿದು ಅರಗಿಸಿಕೊಂಡ ದೇವರಿಗೆ ಇದೇನು ದೊಡ್ಡದಲ್ಲ, ಆದರೆ ಕೇಳುವವರು ಬೇಕಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಅನ್ನಿಸಿದ್ದು ತೊಂಬತ್ತರ ದಶಕದಲ್ಲಿ, ನಮ್ಮ ಎದುರು ಮನೆಗೆ ಇಲೋನಾ ಬಾಡಿಗೆಗೆ ಬಂದ ಮೇಲೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಆಗ ನಾನು ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತುವುದು, ಸೀಟು ಸಿಕ್ಕಿದರೆ ನಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ತೂಕಡಿಕೆ. ಪಿ.ಯು. ಕಾಲೇಜಿನ ಉಪನ್ಯಾಸಕನಾಗಿ ಬಡ್ತಿ ಪಡೆಯಬೇಕಾದರೆ ಎಂ.ಎ. ಆಗಬೇಕಿತ್ತು. ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಬಾಹ್ಯ ವಿದ್ಯಾರ್ಥಿಯಾಗಿ ಕಟ್ಟಿದ್ದೆ. ಬೇರೆ ಪತ್ರಿಕೆಗಳಲ್ಲಿ ಹೇಗೋ ದಡ ಸೇರಿದೆ, ಜಾನಪದದ ಪತ್ರಿಕೆಯಲ್ಲಿ ಮಾತ್ರ ಎರಡು ಸಲ ಮುಳುಗಿದೆ. “ಹಳ್ಳೀಲಿ ಹುಟ್ಟಿದ ಮನುಷ್ಯ ಜಾನಪದದಲ್ಲಿ ಫೇಲಾಗೋದು ಅಂದ್ರೆ ಮೀನು ನೀರಲ್ಲಿ ಮುಳುಗಿ ಸತ್ತ ಹಾಗೆ ಕಣ್ರೀ” ಎಂದು ನಮ್ಮ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಇನ್ನೊಂದು ಸಲ ಹೇಳುತ್ತಾರೆ ಎಂದು. ಮೂರನೆಯ ಸಲವೂ ಹೋದರೆ ಬಡ್ತಿಯ ಪಟ್ಟಿಯಲ್ಲಿ ನನ್ನ ಹಿಂದಿದ್ದವರೆಲ್ಲ ಮುಂದೆ ಹೋಗುವವರಿದ್ದರು.

ಇಲೋನಾಳ ಗಂಡ ನಮ್ಮೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಇಂಜಿನಿಯರು. ಎರಡು ವರ್ಷದ ಕೆಲಸ. ಯಾವ ದೇಶ ಎಂದರೆ ಹಂಗೇರಿ. ನಮ್ಮವ್ವ “ಅಂಗೇರೀನಾ? ಕೆಂಗೇರಿ ತಾವು ಬತ್ತದಾ?” ಎಂದು ಕೇಳಿದಳು. ಬರುವ ಮೊದಲೇ ಒಂದಷ್ಟು ಕನ್ನಡ ಕಲಿತಿದ್ದ ಈ ಹೆಂಗಸು, ಸುಮ್ಮನೆ ಮನೆಯಲ್ಲಿ ಕೂರಲಾರೆ ಎಂದು ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಹೋಗಿ ಎಂ.ಎ.ಗೆ ಸೇರಿಕೊಂಡಳು. ಎಂ.ಎ. ಯಾವುದರಲ್ಲಿ? ಜಾನಪದದಲ್ಲಿ! ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದೆವು. ಅವಳು ಮೈಸೂರು ಬಸ್ಸು ಹತ್ತಿ ಓದಲು ಹೋಗುತ್ತಿದ್ದಳು, ನಾನು ನರಸೀಪುರದ ಬಸ್ಸು ಹತ್ತಿ ಎಂಟನೇ ಕ್ಲಾಸಿಗೆ ಸಂಧಿ ಮಾಡಲು ಹೋಗುತ್ತಿದ್ದೆ. ಸಂಜೆ ನಮ್ಮ ಜಗುಲಿಗೆ ಬಂದು, “ಮೇಷ್ಟ್ರೇ, ಇವತ್ತು ಒಂದು ಪದ ಬಂತು” ಎಂದು ಪುಸ್ತಕ ತೆರೆಯುತ್ತಿದ್ದಳು. ಮೊದಮೊದಲು ಪಾಠ ಹೇಳುವುದು ಹೆಮ್ಮೆಯಾಗಿತ್ತು. ಮೂರು ತಿಂಗಳು ಕಳೆಯುವ ಹೊತ್ತಿಗೆ ಅವಳು ಕೇಳುವ ಪ್ರಶ್ನೆಗೆ ನಾನು ಒಳಗೆ ಹೋಗಿ ನಿಘಂಟು ನೋಡಿ, ನೀರು ಕುಡಿಯಲು ಹೋಗಿದ್ದವನಂತೆ ಬಾಯಿ ಒರೆಸಿಕೊಂಡು ಬರುವಂತಾಯಿತು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದೇ ಹೋದದ್ದು ಅವ್ವನ ವಿಷಯ. ಅವ್ವ ನರಸೀಪುರದ ಕಡೆಯ ಹಳ್ಳಿಯವಳು. ಸೋಬಾನೆ ಪದ, ರಾಗಿ ಬೀಸುವ ಪದ ಎಲ್ಲ ಬರುತ್ತವೆ ಎಂದು ನೆಂಟರು ಹೇಳುತ್ತಿದ್ದರು. ಎರಡನೆಯ ಸಲ ಪರೀಕ್ಷೆಗೆ ಕಟ್ಟಿದಾಗ ನಾನೇ ಪೆನ್ನು ಹಿಡಿದು ಅವಳ ಮುಂದೆ ಕೂತು, “ಒಂದೆರಡು ಪದ ಹೇಳವ್ವ, ಪರೀಕ್ಷೆಗೆ ಬೇಕು” ಎಂದಿದ್ದೆ. “ಏ ಓಗ್ಲಾ, ಅವ ಯಾವಳು ಗ್ಯಾನ ಮಡೀಕಂಡವಳೆ? ನೀನು ಬುಕ್ಕಲ್ಲಿರೋದ ಓದು” ಎಂದು ಅವರೆಕಾಯಿ ಸುಲಿಯುತ್ತಾ ಕೂತಳು. ಅದೇ ಅವ್ವ ಇಲೋನಾ ಒಂದು ಸಣ್ಣ ಟೇಪ್‌ರೆಕಾರ್ಡರ್ ಮುಂದಿಟ್ಟ ಕೂಡಲೇ ಗಂಟಲು ಸರಿ ಮಾಡಿಕೊಂಡು ಶುರುಮಾಡಿದವಳು ಕ್ಯಾಸೆಟ್ ಎರಡೂ ಬದಿ ಮುಗಿದರೂ ನಿಲ್ಲಿಸಲಿಲ್ಲ. ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವಾಗ ಹಾಡು ನಿಂತಿತು. “ಇವನ್ಯಾಕೆ ಇಷ್ಟ್ ಬಿರ್ನೆ ಬಂದ” ಎಂದು ಅವ್ವ ಅಂದಳು. ಇಲೋನಾ ಎದ್ದು, “ನಾಳೆ ಬತ್ತೀನಿ ಕಣವ್ವ” ಎಂದು ನಮ್ಮವ್ವನ ಮಾತಿನಲ್ಲೇ ಹೇಳಿ ಹೋದಳು. ಕಲಿಸಿದವನು ನಾನು, ನಾನು ಕಲಿಸಿದ್ದು ‘ಬರುತ್ತೇನೆ’. ಆ ಸಂಜೆ ನನಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಇಲೋನಾ ಮುಖ ಸಣ್ಣದು ಮಾಡಿಕೊಂಡು ಒಂದು ವಿಷಯ ಹೇಳಿದಳು. “ನನ್ನದು ಓದುವ ವೀಸಾ ಅಲ್ಲ ಮೇಷ್ಟ್ರೇ, ಗಂಡನ ಜೊತೆ ಇರುವ ವೀಸಾ. ಓದಲು ಬೇರೆ ಅನುಮತಿ ಬೇಕಂತೆ. ಅರ್ಜಿ ಕೊಟ್ಟಿದ್ದೇನೆ, ವಿಚಾರಣೆಯಲ್ಲಿದೆ ಎನ್ನುತ್ತಾರೆ. ಪರೀಕ್ಷೆಯ ಒಳಗೆ ಸಿಗದಿದ್ದರೆ ಕೂರಿಸುವುದಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ.” ನಾನು “ಛೇ ಛೇ, ಎಲ್ಲಾದರೂ ಉಂಟೇ” ಎಂದೆ. ನರಸೀಪುರದ ಬಸ್ಸು ಹತ್ತಿ ಕೂತೆ. ಸೀಟು ಸಿಕ್ಕಿತ್ತು, ಆದರೆ ಅವತ್ತು ನಿದ್ದೆ ಬರಲಿಲ್ಲ. ಗಂಡನ ಜೊತೆ ಇರಲು ಬಂದವಳು ಗಂಡನ ಜೊತೆ ಇರಬೇಕು. ಅಡುಗೆ ಮಾಡಿಕೊಂಡು, ಸಂಜೆ ಗಂಡನ ಜೊತೆ ಕಪಿಲೆಯ ಸ್ನಾನಘಟ್ಟಕ್ಕೆ ಹೋಗಿ ಬರಬೇಕು. ನಮ್ಮವ್ವನ ಪದ ಕೇಳಬೇಕು ಎಂದು ಯಾವ ವೀಸಾದಲ್ಲಿ ಬರೆದಿದೆ? ಹೀಗೆ ಯೋಚನೆ ಮಾಡುತ್ತಾ ಮಾಡುತ್ತಾ ಬಸ್ಸು ನರಸೀಪುರ ತಲಪುವ ಹೊತ್ತಿಗೆ ನಾನೊಬ್ಬ ಕಟ್ಟಾ ದೇಶಭಕ್ತನಾಗಿದ್ದೆ.

ಮೂಕರ್ಜಿ ಬರೆಯುವುದೆಂದು ತೀರ್ಮಾನಿಸಿದೆ. ಹೆಸರಿಲ್ಲದ ಅರ್ಜಿ ಬರೆಯುವುದು ಸುಲಭವೆಂದು ತಿಳಿದವರು ಒಂದು ಸಲ ಬರೆದು ನೋಡಬೇಕು. ಕೈಬರಹ ಗೊತ್ತಾಗಬಾರದೆಂದು ಎಡಗೈಯಲ್ಲಿ ಬರೆದೆ. ಕವರನ್ನು ನರಸೀಪುರದಲ್ಲಿ ಕೊಂಡೆ, ಅಲ್ಲೇ ಪೋಸ್ಟ್ ಮಾಡಿದರೆ ಅಲ್ಲಿಯ ಮೊಹರು ಬೀಳುತ್ತದೆ ಎಂದು. ಆರೋಪ ಮಾಡಿದರೆ ಸಾಲದು, ಪುರಾವೆ ಬೇಕಲ್ಲ. ಎಲ್ಲವನ್ನೂ ಬರೆದೆ. ಸದರಿ ಮಹಿಳೆ ಒಂದು ದಿನವೂ ತಪ್ಪದೆ ಬೆಳಿಗ್ಗೆಯ ಬಸ್ಸಿನಲ್ಲಿ ಮೈಸೂರಿಗೆ ಓದಲು ಹೋಗುತ್ತಾಳೆ. ಸಂಜೆ ಬಂದು ಮತ್ತೆ ಓದುತ್ತಾಳೆ. ಭಾನುವಾರವೂ ಬಿಡದೆ ಬದನವಾಳು, ಹದಿನಾರು, ದೇವನೂರು ಎಂದು ಅಲೆದು ಮುದುಕಿಯರನ್ನು ಕೂರಿಸಿಕೊಂಡು ಪದ ಬರೆದುಕೊಳ್ಳುತ್ತಾಳೆ. ಗಂಡನ ಜೊತೆ ಪೇಟೆಗೆ ಹೋದದ್ದನ್ನೂ ಯಾರೂ ಕಂಡಿಲ್ಲ. ಓದು ಬಿಟ್ಟರೆ ಬೇರೆ ಕಸುಬೇ ಇಲ್ಲ. ಆದ್ದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ. ಇತಿ, ನೊಂದ ನಾಗರಿಕ. ‘ನೊಂದ’ ಎನ್ನುವುದು ಅದರಲ್ಲಿದ್ದ ಪರಮಸತ್ಯ. ವಿದೇಶದವರ ದಾಖಲೆ ಇಡುವ ಮೈಸೂರಿನ ಕಛೇರಿಗೆ ವಿಳಾಸ ಬರೆದು, ಅಂಟಿಸಿ, ಅಂಗಿಯ ಜೇಬಿನಲ್ಲಿಟ್ಟೆ. ಮರುದಿನ ಬೇರೆ ಅಂಗಿ ತೊಟ್ಟು ಹೊರಟುಬಿಟ್ಟೆ.

ಸಂಜೆ ಬಂದು ಜೇಬು ತಡಕಿದರೆ ಕವರಿಲ್ಲ, ಅಂಗಿ ತಂತಿಯ ಮೇಲೆ ಒಣಗುತ್ತಿದೆ. “ಮಂಗಳಾ, ಇದರಲ್ಲೊಂದು ಕವರಿತ್ತಲ್ಲ” ಎಂದೆ. ನನ್ನ ಹೆಂಡತಿ ಕಾಫಿ ಲೋಟ ಕೈಗಿಟ್ಟು, “ಪೋಸ್ಟ್ ಮಾಡ್ದೆ ಕಣ್ರೀ. ವಿಳಾಸ ನೋಡ್ದೆ, ಇಲೋನಾ ಅನುಮತಿ ವಿಷಯ ನಂಗೂ ಹೇಳಿದ್ಲಲ್ಲ, ಅವಳಿಗೆ ಶಿಫಾರಸು ಬರ್ದಿದೀರಾ ಅಂತ ಗೊತ್ತಾಯ್ತು. ಬಾಯಲ್ಲಿ ಏನೂ ಹೇಳ್ದೇ ಇದ್ರೂ ನೀವು ಒಳಗೊಳಗೇ ಒಳ್ಳೇದು ಮಾಡೋರು” ಎಂದಳು. ನನಗೆ ಸಮಾಧಾನವಾಯಿತು. ಅವಳೇ ಮುಂದುವರಿಸಿದಳು. “ಅಲ್ಲಾ, ಅಷ್ಟು ಅವಸರವೇನು ನಿಮಗೆ? ಹಿಂದುಗಡೆ ‘ಇಂದ’ ಅಂತ ವಿಳಾಸಾನೇ ಹಾಕಿಲ್ಲ! ನಾನೇ ನಿಮ್ಮ ಹೆಸರು, ಸ್ಕೂಲು, ಮನೆ ವಿಳಾಸ ಎಲ್ಲಾ ದುಂಡಗೆ ಬರ್ದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದಿಟ್ಟು ಆಮೇಲೆ ಡಬ್ಬಕ್ಕೆ ಹಾಕ್ದೆ. ನಿಮ್ಮ ಪರೀಕ್ಷೆ ಅರ್ಜಿಗೆ ಎರಡು ಸಲಾನೂ ಅರಿಶಿನ ಹಚ್ಚೋಕೆ ಬಿಡ್ಲಿಲ್ಲ ನೀವು, ಏನಾಯ್ತು ನೋಡಿ.” ಕಾಫಿ ಆರಿಹೋಯಿತು.

ಆಮೇಲಿನ ಹದಿನೈದು ದಿನ ಖಾಕಿ ಬಟ್ಟೆ ಕಂಡರೆ ಸಾಕು, ಕಂಡಕ್ಟರಾದರೂ ಸರಿ, ಎದೆ ಹಾರುತ್ತಿತ್ತು. ಇಲೋನಾ “ಮೇಷ್ಟ್ರೇ, ಹುಷಾರಿಲ್ಲವಾ?” ಎಂದು ತನ್ನ ಮನೆಯಿಂದ ಏನೋ ಸೊಪ್ಪಿನ ಕಷಾಯ ತಂದುಕೊಟ್ಟಳು. ಅದನ್ನು ಕುಡಿಯುವಾಗ ಆದಷ್ಟು ನಾಚಿಕೆ ನನಗೆ ಎರಡು ಸಲ ಫೇಲಾದಾಗಲೂ ಆಗಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಾನ್‌ಸ್ಟೇಬಲ್ ಒಬ್ಬ ಸೈಕಲ್ ಒರಗಿಸಿ, “ಮೇಷ್ಟ್ರು ಮಾದೇವಪ್ಪ ಅಂದ್ರೆ ನೀವೇಯಾ ಸಾ?” ಎಂದ. ಹೌದೆಂದೆ. ಮಂಗಳಾ ಕಾಫಿ ತಂದಳು, ಅವ್ವ ಮಣೆ ಹಾಕಿದಳು. ಅವನು ಬ್ಯಾಗಿನಿಂದ ನನ್ನ ಕವರನ್ನೇ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅರಿಶಿನ ಇನ್ನೂ ಹಾಗೇ ಇತ್ತು.

“ಬಾರಿ ಉಪ್ಕಾರ ಆಯ್ತು ಸಾ” ಎಂದ ಅವನು. “ಆಯಮ್ಮ ಓದ್ತೀನಿ ಅಂತ ಅರ್ಜಿ ಕೊಟ್ಟವ್ರೆ. ನಿಜ್ವಾಗ್ಲೂ ಓದ್ತಾರೋ, ಇಲ್ಲಾ ಓದ್ತೀನಿ ಅಂತ ಏಳ್ಬುಟ್ಟು ಬ್ಯಾರೆ ಎಲ್ಲಾರ ಸಂಬಳಕ್ಕೆ ಓಯ್ತಾವ್ರೋ ಅನ್ನೋದೇ ನಮ್ಗೆ ಡೌಟು. ಯಾರ್ನ ಕೇಳಾದು? ಅಸ್ಟೊತ್ಗೆ ನಿಮ್ ಕಾಗ್ದ ಬಂತು. ಯಾವ ಬಸ್ಸು, ಯಾವ ಅಳ್ಳಿ, ಎಲ್ಲಾನೂ ಬರ್ದಿದ್ರಿ. ಮೂಕರ್ಜಿ ಅತ್ತು ಬತ್ತವೆ ಸಾ, ಅವ್ನ ಯಾರೂ ನಂಬಾಕಿಲ್ಲ. ಎಸ್ರಾಕಿ, ಅಡ್ರೆಸ್ ಆಕಿ, ಅರಿಸ್ನ ಅಚ್ಚಿ ಕಳ್ಸವ್ರೆ ಅಂದ್ಮೇಲೆ ಒಳ್ಳೆ ಮನ್ಸದಿಂದ್ಲೇ ಬರ್ದವ್ರೆ ಅಂದ್ರು ಸಾಯೇಬ್ರು. ಒಳಗೆ ನೊಂದ ನಾಗರಿಕ ಅಂತ ಬರ್ದಿರೋದ್ಕೆ, ಪಾಪ, ಆಯಮ್ಮನ ಕಷ್ಟಕ್ಕೆ ಮೇಷ್ಟ್ರು ನೊಂದ್ಕಂಡವ್ರೆ ಅಂದ್ರು. ಇಲ್ಲೊಂದು ಸೈನ್ ಆಕ್ಬುಡಿ.” ಬಲಗೈಯಲ್ಲಿ ಸಹಿ ಹಾಕಿದೆ. ವಾರದೊಳಗೆ ಇಲೋನಾಳಿಗೆ ಓದುವ ಅನುಮತಿ ಬಂತು.

ಅವತ್ತು ಸಂಜೆ ಅವಳು ರಸಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದಳು. ಕಛೇರಿಯಲ್ಲಿ ಬೇಡಿ ತಂದ ನನ್ನ ಪತ್ರದ ಜೆರಾಕ್ಸ್ ಕೂಡ ಕೈಯಲ್ಲಿತ್ತು. ಜಗುಲಿಯಲ್ಲಿ ಕೂತು ಅವ್ವನಿಗೂ ಮಂಗಳಳಿಗೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ನಾನೇ ತಿದ್ದಿದ ಉಚ್ಚಾರಣೆ, ಎಲ್ಲೂ ಎಡವಲಿಲ್ಲ. ಮಂಗಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓದಿ ಮುಗಿಸಿ ಇಲೋನಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೊತ್ತಾಯಿತು, ಅವಳಿಗೆ ಎಲ್ಲ ಗೊತ್ತಾಗಿದೆ. “ಸೂಕ್ತ ಕ್ರಮ ಕೈಗೊಳ್ಳಿ ಎಂದು ಕೇಳಿದ್ದಿರಿ ಮೇಷ್ಟ್ರೇ. ಕೈಗೊಂಡರು” ಎಂದಷ್ಟೇ ಹೇಳಿ, ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. “ನಿಮ್ಮ ಪರೀಕ್ಷೆಗೆ ಬೇಕಾಗುತ್ತದೆ.” ಬೈದಿದ್ದರೆ ಎದುರು ಮಾತಾಡಬಹುದಿತ್ತು. ನೋಟ್ಸ್ ಕೊಟ್ಟವರಿಗೆ ಏನೆಂದು ಎದುರು ಮಾತಾಡುವುದು?

ಒಳಗೆ ಹೋಗಿ ತೆರೆದೆ. ಅವ್ವನ ಪದಗಳೇ ನಲವತ್ತು ಪುಟ. ಅಕ್ಷರ ನನ್ನದಕ್ಕಿಂತ ದುಂಡಗಿತ್ತು, ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು. ನಡುವೆ ಒಂದು ತೊಟ್ಟಿಲ ಪದ. ‘ಅಳಬ್ಯಾಡ ಮಾದೇವ, ಕಪಿಲೆ ತುಂಬೈತೆ, ನಿನ್ ಕಣ್ಣ ನೀರು ಬ್ಯಾಡಂತೆ.’ ಕೆಳಗೆ ಇಲೋನಾ ಸಣ್ಣಗೆ ಬರೆದಿದ್ದಳು: ಈ ಪದವನ್ನು ಕಟ್ಟಿದ್ದು ಹಾಡಿದವರೇ, ಮಗನಿಗೆ. ಮಗನಿಗೆ ನೆನಪಿರಲಾರದು, ಈಗ ಹೇಳಲು ನಾಚಿಕೆ ಎನ್ನುತ್ತಾರೆ. ಅದನ್ನು ಎಷ್ಟು ಸಲ ಓದಿದೆನೋ. ಅಡುಗೆಮನೆಯಲ್ಲಿ ಅವ್ವ ಮಂಗಳಳ ಜೊತೆ ಉಪ್ಪು ಜಾಸ್ತಿಯಾಯಿತೆಂದು ಜಗಳವಾಡುತ್ತಿದ್ದಳು. ಕರೆದು ಕೇಳೋಣವೆಂದುಕೊಂಡೆ, ಕೇಳಲಿಲ್ಲ. ನನಗೂ ನಾಚಿಕೆಯಾಯಿತು.

ಆ ವರ್ಷ ನನ್ನ ಅರ್ಜಿಗೂ ಮಂಗಳಾ ಅರಿಶಿನ ಹಚ್ಚಿದಳು. ಪ್ರಶ್ನೆಪತ್ರಿಕೆಯಲ್ಲಿ ತೊಟ್ಟಿಲ ಪದಗಳನ್ನು ಉದಾಹರಣೆ ಸಹಿತ ವಿವರಿಸಿ ಎಂದು ಕೇಳಿದ್ದರು. ಅವ್ವನ ಪದವನ್ನು ಪೂರ್ತಿ ಬರೆದು ಪಾಸಾದೆ. ಬಡ್ತಿಯೂ ಬಂತು. ಇಲೋನಾ ಮೊದಲ ದರ್ಜೆಯಲ್ಲಿ ಪಾಸಾಗಿ, ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಗಂಡನ ಜೊತೆ ತನ್ನ ಊರಿಗೆ ಹೋದಳು. ಈಗ ಉಪನ್ಯಾಸಕನಾಗಿ ಮಕ್ಕಳಿಗೆ ಪಾಠ ಹೇಳುವಾಗ, ಪದ ಬರೆದರೆ ಹಾಡಿದವರ ಹೆಸರನ್ನೂ ಸಂಗ್ರಹಿಸಿದವರ ಹೆಸರನ್ನೂ ತಪ್ಪದೆ ಕೆಳಗೆ ಬರೆಯಬೇಕು ಎಂದು ಜೋರಾಗಿಯೇ ಹೇಳುತ್ತೇನೆ. ನಾನು ಪರೀಕ್ಷೆಯ ದಿನ ಹಾಡಿದವರ ಹೆಸರು ಬರೆದೆ. ಸಂಗ್ರಹಿಸಿದವರ ಹೆಸರಿನ ಜಾಗ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು, ಹೊಟ್ಟೆಯಲ್ಲಿ ಹಳೆಯ ಕಿಚ್ಚು ಒಮ್ಮೆ ಮಿಸುಕಾಡಿತು, ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದೆ. ಪರೀಕ್ಷೆಯ ಕೊಠಡಿಯಲ್ಲಿ ‘ಇಂದ’ ಬರೆಯಲು ನನ್ನ ಹೆಂಡತಿ ಇರಲಿಲ್ಲ.