ಮೈದಾನದಲ್ಲಿ ಕೋಶ ವಿಭಜನೆ

ಜೀವಶಾಸ್ತ್ರದ ಮೇಷ್ಟ್ರು ಬೆಳೆಸಿದ್ದ ಈರುಳ್ಳಿಗಳನ್ನು ಗಣಿತದ ಮೇಡಂ ಹೆಚ್ಚಿ ತಿಂದುಬಿಟ್ಟಿದ್ದರು. ಆ ದಿನದ ಅನರ್ಥಕ್ಕೆಲ್ಲ ಅದೇ ಮೂಲ.

“ಬೇರು ಬಂದಿತ್ತಲ್ಲ ಸಾರ್, ಕೊಳೆತು ಹೋಗುತ್ತೆ ಅಂತ ಬ್ರೆಡ್ಡಿನ ಮಧ್ಯೆ ಇಟ್ಕೊಂಡೆ,” ಎಂದರು ಮೇಡಂ, ಉಪಕಾರ ಮಾಡಿದವರ ದನಿಯಲ್ಲಿ.

“ಆ ಬೇರು ಬರ್ಲಿ ಅಂತಾನೇ ಕಾಯ್ತಿದ್ದೆ ಮೇಡಂ!”

ಬೇರಿನ ತುದಿಯಲ್ಲಿ ಕೋಶಗಳು ಬಿಡುವಿಲ್ಲದೆ ಒಂದು ಎರಡಾಗುತ್ತಿರುತ್ತವೆ. ಮಧ್ಯಾಹ್ನದ ಪಾಠದಲ್ಲಿ ಸೂಕ್ಷ್ಮದರ್ಶಕದಡಿ ಅದನ್ನೇ ತೋರಿಸಬೇಕಿತ್ತು. ಮಕ್ಕಳಿಗೆ ಅನ್ನುವುದು ನೆಪ. ಪಾಠ ನೋಡಲು ಬಾಹ್ಯಾಕಾಶ ಕೇಂದ್ರದಿಂದ ಒಬ್ಬ ವಿಜ್ಞಾನಿ ಬರುವವರಿದ್ದರು. ತೂಕವೇ ಇಲ್ಲದ ಕಡೆ ಜೀವಕೋಶ ಹೇಗೆ ಒಡೆಯುತ್ತದೆಂದು ಹುಡುಕುವ ಹೆಂಗಸು. ಪಾಠ ಹಿಡಿಸಿದರೆ ಮೇಷ್ಟ್ರನ್ನು ತಮ್ಮ ವಿಮಾನದಲ್ಲಿ ಕರೆದೊಯ್ಯುತ್ತಾರಂತೆ. ಅದು ಮೇಲೇರಿ ಇಳಿಯುವಾಗ ಅರೆಗಳಿಗೆ ಮೈಗೆ ಭಾರವೇ ಇರುವುದಿಲ್ಲವಂತೆ. ಸುದ್ದಿ ಕೇಳಿದಂದಿನಿಂದ ಮೇಷ್ಟ್ರ ಕಾಲು ನೆಲ ಮುಟ್ಟಿರಲಿಲ್ಲ. ಹಲ್ಲುಜ್ಜುವಾಗ ತೇಲುತ್ತಿದ್ದರು, ಹಾಜರಿ ಕೂಗುವಾಗ ತೇಲುತ್ತಿದ್ದರು. “ಹಾಲು ಉಕ್ತಿದೆ ನೋಡ್ರೀ” ಎಂದು ಹೆಂಡತಿ ಕೂಗಿದರೆ, ಉಕ್ಕುವುದನ್ನು ನಿಂತು ನೋಡುತ್ತಿದ್ದರು.

“ಈರುಳ್ಳಿ ಹೋದ್ರೆ ಹೋಗ್ಲಿ, ಮಕ್ಕಳನ್ನೇ ಒಡೆಯೋಣ ಬನ್ನಿ,” ಎಂದರು ಸೀಟಿ ಮೇಷ್ಟ್ರು. ವ್ಯಾಯಾಮದ ಶಿಕ್ಷಕರಾದ ಅವರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುವವರು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ವೃತ್ತ ಎಳೆದರು, ಅದೇ ಕೋಶ. ಒಂದೇ ಬಣ್ಣದ ಟೋಪಿಯ ಇಬ್ಬಿಬ್ಬರು ಕೈಹಿಡಿದು ನಡುಗೆರೆಯ ಮೇಲೆ ನಿಂತರು. ಅವರು ನಕಲಾಗಿ ಜೋಡಿಯಾದ ವರ್ಣತಂತುಗಳು. ಎಲ್ಲರ ಸೊಂಟಕ್ಕೂ ಹಗ್ಗ, ಜೋಡಿಯಲ್ಲಿ ಒಬ್ಬರದು ಇತ್ತ, ಇನ್ನೊಬ್ಬರದು ಅತ್ತ. ಎಳೆಯಲು ಒಂದು ತುದಿಯಲ್ಲಿ ಸೀಟಿ ಮೇಷ್ಟ್ರು, ಇನ್ನೊಂದರಲ್ಲಿ ಪ್ರಾಯಶ್ಚಿತ್ತಕ್ಕೆಂದು ಗಣಿತದ ಮೇಡಂ.

ಹೆಡ್ ಮೇಡಂ ಜೊತೆ ವಿಜ್ಞಾನಿ ಬಂದರು.

“ನಿಧಾನವಾಗಿ ಎಳೀರಿ, ಕನಸಲ್ಲಿ ನಡೆದ ಹಾಗೆ...” ಎಂದು ಮೇಷ್ಟ್ರು ಹೇಳಿ ಮುಗಿಸುವಷ್ಟರಲ್ಲಿ ಸೀಟಿ ಕೂಗಿತು. ಶುರುವಾದದ್ದು ಹಗ್ಗಜಗ್ಗಾಟ. ಚೀಲ ಹರಿದ ಆಲೂಗಡ್ಡೆಯಂತೆ ಮಕ್ಕಳು ಉರುಳಿದರು. ಹಳದಿ ಟೋಪಿಯ ಹುಡುಗಿಯರಿಬ್ಬರು ಮಾತ್ರ ಜಪ್ಪಯ್ಯ ಅಂದರೂ ಕೈ ಬಿಡಲಿಲ್ಲ. “ನಾವು ಬೆಸ್ಟ್ ಫ್ರೆಂಡ್ಸ್ ಸಾರ್!”

ಮೇಷ್ಟ್ರ ಮುಖ ಹುಳ್ಳಗಾಯಿತು. ವಿಜ್ಞಾನಿಯ ಕಣ್ಣು ಅರಳಿತು. “ಕೋಶದಲ್ಲೂ ಒಂದೊಂದ್ಸಲ ಜೋಡಿ ಹೀಗೇ ಬಿಡಲ್ಲ. ಮೇಲೆ ಹೋದ್ರೆ ಇದು ಹೆಚ್ಚಾಗುತ್ತಾ ಅಂತಾನೇ ನಾವು ನೋಡ್ತಿರೋದು!”

ಮೇಷ್ಟ್ರಿಗೆ ಜೀವ ಬಂತು. ಎಳೆಯುವವರ ಕೈಯಿಂದ ಹಗ್ಗ ಬಿಡಿಸಿದರು. “ಮಕ್ಕಳೇ, ಈಗ ಮೇಲೂ ಇಲ್ಲ, ಕೆಳಗೂ ಇಲ್ಲ. ಯಾರಿಗೂ ತೂಕ ಇಲ್ಲ.”

ಮಕ್ಕಳು ತೋಳು ಚಾಚಿದರು. ಬಿಸಿಲಿನಲ್ಲಿ ಬೂರುಗದ ಹತ್ತಿಯಂತೆ, ಸದ್ದಿಲ್ಲದೆ, ಇತ್ತ ಅರ್ಧ ಅತ್ತ ಅರ್ಧ ತೇಲತೊಡಗಿದರು. ಸುಣ್ಣದ ಧೂಳು ಮಂಜಿನಂತೆ ಎದ್ದಿತು. ಹಳದಿ ಟೋಪಿಯವರ ಬೆರಳುಗಳೂ ಒಂದೊಂದಾಗಿ ಕಳಚಿಕೊಂಡವು. ಧೂಳು ಇಳಿದಾಗ ಎರಡು ಗುಂಪು ನಿಂತಿತ್ತು, ಒಂದರ ಪಡಿಯಚ್ಚು ಇನ್ನೊಂದು.

“ಮುಂದಿನ ವಾರ ವಿಮಾನ ಹೊರಡುತ್ತೆ ಸಾರ್, ನೀವೇ ಬರಬೇಕು,” ಎಂದರು ವಿಜ್ಞಾನಿ.

ಮೇಷ್ಟ್ರು ಉತ್ತರಿಸುವ ಮೊದಲೇ ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. “ಭೇಷ್! ಈ ಕುರಿಮಂದೆ ಕ್ಲಾಸನ್ನ ಎರಡು ಮಾಡೋಕೆ ವರ್ಷದಿಂದ ಒದ್ದಾಡ್ತಿದ್ದೆ, ಅಪ್ಪ ಅಮ್ಮಂದಿರು ಬಿಟ್ಟಿರಲಿಲ್ಲ. ಮಕ್ಕಳೇ ಈಗ ನಗ್ತಾ ಬೇರೆಯಾದ್ರಲ್ಲ! ನಾಳೆಯಿಂದ ಇದು ಎ, ಅದು ಬಿ.”

“ಬಿ ವಿಭಾಗಕ್ಕೆ ಯಾರು ಮೇಡಂ?” ಮೇಷ್ಟ್ರು ಕೇಳಿದರು.

“ನೀವೇ. ಜೀವಶಾಸ್ತ್ರಕ್ಕೆ ಇನ್ಯಾರಿದ್ದಾರೆ?” ಎಂದ ಹೆಡ್ ಮೇಡಂ ವಿಜ್ಞಾನಿಯ ಕಡೆ ತಿರುಗಿದರು. “ಎರಡೆರಡು ಕ್ಲಾಸಿನವರನ್ನ ಕಳಿಸೋಕಾಗಲ್ಲ. ನಮ್ಮ ವ್ಯಾಯಾಮದ ಮೇಷ್ಟ್ರು ಖಾಲಿ ಇದಾರೆ, ಕರ್ಕೊಂಡು ಹೋಗಿ.”

“ನಾನಿರೋದು ಒಬ್ಬನೇ ಮೇಡಂ...” ಎಂದರು ಜೀವಶಾಸ್ತ್ರದ ಮೇಷ್ಟ್ರು.

“ಇಷ್ಟು ಹೊತ್ತು ಪಾಠ ಮಾಡಿದ್ದು ಯಾರು ಸಾರ್?” ಎಂದರು ಹೆಡ್ ಮೇಡಂ. “ನೀವೂ ಒಂದು ಎರಡಾಗಿ!”