ಆಜೀವ ಚಂದಾದ ಕಪ್ಪು ಡಬ್ಬ

ನಮ್ಮನೆಯ ಚಿನಕುರಳಿಗೆ ಇನ್ನೂ ಮಾತು ಬಂದಿಲ್ಲ, ಗಡಿಯಾರ ನೋಡುವುದಂತೂ ದೂರದ ಮಾತು. ಆದರೆ ಸಂಜೆ ನನ್ನ ಧಾರಾವಾಹಿಯ ಶೀರ್ಷಿಕೆ ಗೀತೆ ಶುರುವಾಗುವುದಕ್ಕೂ ಅವಳಿಗೆ ನಿದ್ದೆ ಬರುವುದಕ್ಕೂ ಒಂದು ನಿಮಿಷದ ವ್ಯತ್ಯಾಸ ಇರುವುದಿಲ್ಲ. ಮಗು ಮಲಗಿದರೆ ಒಳ್ಳೆಯದೇ ಆಯಿತಲ್ಲ ಎನ್ನುವವರು ಮಕ್ಕಳನ್ನು ಮಲಗಿಸಿದವರಲ್ಲ. ಅವಳ ನಿದ್ದೆಗೆ ಕೋಣೆ ಕತ್ತಲಾಗಿರಬೇಕು, ಪಕ್ಕದಲ್ಲಿ ನಾನು ಮಲಗಬೇಕು, ನನ್ನ ಎಡಗಿವಿ ಅವಳ ಮುಷ್ಟಿಯಲ್ಲಿರಬೇಕು. ಬಲಗಿವಿ ನಡೆಯುವುದಿಲ್ಲ. (ಕೊಟ್ಟು ನೋಡಿದ್ದೇನೆ. ತಿರಸ್ಕೃತವಾಗಿ ವಾಪಸು ಬಂತು.)

ಹೀಗೆ ಎಡಗಿವಿ ಸೆರೆಯಲ್ಲಿರುವಾಗ ಬಲಗಿವಿ ಹಜಾರದ ಕಡೆ ನೆಟ್ಟಿರುತ್ತದೆ. ಅಲ್ಲಿಂದ ಗುಡುಗಿನಂಥ ಸಂಗೀತ, ಯಾರೋ ಬಿಕ್ಕುವ ಸದ್ದು, ಮತ್ತೆ ಸೋಪಿನ ಜಾಹೀರಾತು. ಅಷ್ಟರಲ್ಲೇ ಕಥೆ ಊಹಿಸಿಕೊಳ್ಳಬೇಕು. ಮಗು ಮಲಗಿದ ಮೇಲೆ ಕಿವಿ ಬಿಡಿಸಿಕೊಂಡು ಹೊರಗೆ ಬಂದರೆ ಅಲ್ಲಿ ನಮ್ಮತ್ತೆಯ ವರದಿ ಸಿದ್ಧವಾಗಿರುತ್ತದೆ.

"ಅತ್ತೆ, ಇವತ್ತು ಏನಾಯ್ತು?"

"ಏನಾಗತ್ತೆ, ಸೊಸೆ ಅಳ್ತಿದ್ಲು."

"ಯಾಕೆ ಅತ್ತೆ?"

"ಅಷ್ಟರಲ್ಲಿ ಜಾಹೀರಾತು ಬಂತು. ಒಂದು ಚೂರು ಕಣ್ಣು ಮುಚ್ಚಿದೆ. ಬಿಟ್ಟು ನೋಡ್ತೀನಿ, ಬೇರೆ ಯಾರೋ ಅಳ್ತಿದ್ರು."

ಮಾಮೂಲಿ ದಿನಗಳಲ್ಲಿ ಇಷ್ಟು ಸಾಕಾಗುತ್ತಿತ್ತು. ಆದರೆ ಈಗ ಕಥೆ ತುತ್ತತುದಿಗೆ ಬಂದು ನಿಂತಿದೆ. ಆ ಮನೆಯ ಸೊಸೆಯನ್ನು ಯಾರೋ ಮೆಟ್ಟಿಲ ಮೇಲಿಂದ ತಳ್ಳಿದ್ದರು. ಅವಳಿಗೆ ನೆನಪೆಲ್ಲ ಹೋಗಿತ್ತು. ಈಗ ಆ ನೆನಪು ವಾಪಸು ಬರುವ ಸೂಚನೆ ಇದೆ. ತಳ್ಳಿದವರು ಯಾರು ಎನ್ನುವುದನ್ನು ಈ ವಾರಾಂತ್ಯದ ಸಂಚಿಕೆಯಲ್ಲಿ ಹೇಳುತ್ತಾರಂತೆ. ನನಗೆ ಅವಳ ನಾದಿನಿಯ ಮೇಲೆ ಅನುಮಾನ. ಅತ್ತೆಗೆ ಅಡುಗೆಯವಳ ಮೇಲೆ. ನಮ್ಮ ಯಜಮಾನರಿಗೆ ಮೆಟ್ಟಿಲ ಮೇಲೆಯೇ ಅನುಮಾನ.

"ಆ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಒಂದು ಕಂಬಿನೂ ಇಲ್ಲ ಕಣೇ. ಯಾರೂ ತಳ್ಳದಿದ್ರೂ ಬೀಳ್ತಿದ್ಲು."

ಇಂಥವರ ಜೊತೆ ಸಂಸಾರ.

ಆಗ ನನಗೆ ಹೊಳೆದದ್ದು ರೆಕಾರ್ಡರ್. ಟೀವಿಗೆ ಜೋಡಿಸಿದರೆ ಕಾರ್ಯಕ್ರಮವನ್ನು ತಾನೇ ಹಿಡಿದಿಟ್ಟುಕೊಂಡು, ನಾವು ಕೇಳಿದಾಗ ತೋರಿಸುವ ಡಬ್ಬ. ಮಧ್ಯಾಹ್ನ ಮಗು ಮಲಗಿದಾಗ, ನನ್ನ ಎರಡೂ ಕಿವಿ ನನ್ನ ಬಳಿಯೇ ಇರುವಾಗ, ಕಾಲು ಚಾಚಿಕೊಂಡು ನೋಡಬಹುದು. ದಿನಕ್ಕೆ ಅರ್ಧ ಗಂಟೆ ನನ್ನದೇ ಆದ ಹೊತ್ತು. ಹೊಸದು ಕೊಳ್ಳುವ ಮಾತೇ ಇಲ್ಲ, ಆ ದುಡ್ಡಿಗೆ ಆ ಧಾರಾವಾಹಿಯವರನ್ನೇ ಮನೆಗೆ ಕರೆಸಿ ಆಡಿಸಬಹುದು. ಹಾಗಾಗಿ ಬಳಸಿದ ಡಬ್ಬವೇ ಆಗಬೇಕು.

ಯಜಮಾನರಿಗೆ ಹೇಳಿದೆ. ಅವರು ಬಿಸಿ ಚಹಾದ ಲೋಟವನ್ನು ನನ್ನ ಡೈರಿಯ ಮೇಲೆ ಇಟ್ಟು ಯೋಚಿಸಿದರು. (ಮನೆಯಲ್ಲಿ ಮೇಜು, ಫ್ರಿಜ್ಜು, ಕಿಟಕಿಯ ಕಟ್ಟೆ, ಎಲ್ಲದರ ಮೇಲೂ ಅವರ ಲೋಟದ ಬಿಳಿ ಉಂಗುರಗಳಿವೆ. ಮಗು ಅಲುಗಾಡುತ್ತದೆ ಎಂಬ ಒಂದೇ ಕಾರಣಕ್ಕೆ ಬಚಾವಾಗಿದೆ.)

"ಮದುವೆಗೆ ಮುಂಚೆ ನನ್ನ ಹತ್ರನೂ ಅಂಥದ್ದೊಂದಿತ್ತು. ಎಲ್ಲಿ ಹೋಯ್ತೋ."

"ನಿಮ್ಮ ಸೊಂಟ ಎಲ್ಲಿಗೆ ಹೋಯ್ತೋ ಅಲ್ಲಿಗೇ ಹೋಗಿರತ್ತೆ."

"ಇಲ್ಲ ಕಣೇ, ನನ್ನ ಕೋಣೇಲೇ ಇತ್ತು."

"ನಿಮ್ಮ ಕೋಣೇಲಿ ಏನೇನಿತ್ತು ಅಂತ ನನ್ನನ್ನ ಕೇಳಿ."

ಇದು ಜಂಬದ ಮಾತಲ್ಲ. ಇವರ ಬ್ರಹ್ಮಚರ್ಯದ ಆ ಕೋಣೆಯೇ ಈಗ ಮಗುವಿನ ಕೋಣೆ. ತುಂಬಿದ ಹೊಟ್ಟೆ ಹೊತ್ತುಕೊಂಡು ಅದನ್ನು ಖಾಲಿ ಮಾಡಿ, ಸುಣ್ಣ ಹೊಡೆಸಿ, ತೊಟ್ಟಿಲಿಗೆ ಜಾಗ ಮಾಡಿದವಳು ನಾನು. ಒಂಟಿ ಕಾಲುಚೀಲಗಳು, ಗಂಟಾದ ವೈರುಗಳು, ಕೆಟ್ಟುಹೋದ ಏನೇನೋ ಯಂತ್ರಗಳು, ಎಲ್ಲವನ್ನೂ ಒಂದೇ ದಿನದಲ್ಲಿ ಗುಜರಿಯವನಿಗೆ ದಾಟಿಸಿ ಕೈ ತೊಳೆದುಕೊಂಡಿದ್ದೆ. ರೆಕಾರ್ಡರ್ ಇದ್ದಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿತ್ತೇ? ಮಗು ಹುಟ್ಟುವ ಮುಂಚೆ ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯಾವ ಡಬ್ಬ ಕೈಗೆ ಬಂದರೂ ಮೊದಲು ಹಿಂದಕ್ಕೆ ತಿರುಗಿಸಿ ನಂಬರು, ತಾರೀಖು ನೋಡುವುದು ನನಗೆ ಉಸಿರಾಟದಷ್ಟೇ ಸಹಜ. ಬಿಸ್ಕತ್ತಿನ ಪೊಟ್ಟಣವನ್ನೂ ಹಾಗೇ ನೋಡುತ್ತೇನೆ. ಮದುವೆಗೆ ಮುಂಚೆ ಇವರನ್ನೊಮ್ಮೆ ತಿರುಗಿಸಿ ನೋಡಿದ್ದರೆ ಚೆನ್ನಾಗಿತ್ತು ಎಂದು ಅತ್ತೆಯೇ ಹೇಳುವುದುಂಟು.

ಮಗುವಿಗೆ ಹಾಲೂಡಿಸುತ್ತಾ ಫೋನಿನಲ್ಲಿ ಈ ವಿದ್ಯೆಯನ್ನು ಅರೆದು ಕುಡಿದೆ. ರೆಕಾರ್ಡರ್ ತಾನಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಕಂಪನಿಗೆ ಚಂದಾ ಕಟ್ಟಿರಬೇಕು, ಇಲ್ಲದಿದ್ದರೆ ಅದು ಬರೀ ಡಬ್ಬ. ಕೆಲವು ಡಬ್ಬಗಳಿಗೆ ಮೊದಲ ಮಾಲೀಕರು ಆಜೀವ ಚಂದಾ ಕಟ್ಟಿಬಿಟ್ಟಿರುತ್ತಾರೆ. ಆಜೀವ ಎಂದರೆ ಮಾಲೀಕನ ಆಯುಷ್ಯವಲ್ಲ, ಡಬ್ಬದ ಆಯುಷ್ಯ. ಡಬ್ಬ ಯಾರ ಮನೆಗೆ ಹೋದರೂ ಚಂದಾ ಅದರ ಜೊತೆಗೇ ಹೋಗುತ್ತದೆ. ಅಂಥದ್ದು ಸಿಕ್ಕರೆ ಚಿನ್ನ. ಆದರೆ ಅಂಗಡಿಯವನ ಮಾತು ನಂಬಬಾರದು, ಡಬ್ಬದ ಹಿಂದಿನ ನಂಬರನ್ನು ಕಂಪನಿಗೇ ಓದಿ ಹೇಳಿ ಚಂದಾ ಜೀವಂತವಾಗಿದೆಯೇ ಎಂದು ಕೇಳಬೇಕು.

ಹಿಂದಿನ ನಂಬರು ಓದುವುದು. ನಾನು ಹುಟ್ಟಿದ್ದೇ ಅದಕ್ಕೆ.

ಮಗುವನ್ನು ಕಂಕುಳಲ್ಲಿ ಕೂರಿಸಿಕೊಂಡು ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗೆ ಹೋದೆ. ಒಳಗೆ ಮಿಕ್ಸಿಗಳ ಗುಡ್ಡ, ರಿಮೋಟುಗಳ ಬುಟ್ಟಿ, ಅವುಗಳ ನಡುವೆ ಜಾಗ ಮಾಡಿಕೊಂಡ ಅಂಗಡಿಯವನು. ಒಂದು ರೆಕಾರ್ಡರ್ ತೆಗೆದು ತೋಳಿನಿಂದ ಧೂಳು ಒರೆಸಿದ.

"ಹೊಸದೇ ಅನ್ಕೊಳ್ಳಿ ಅಕ್ಕ. ಒಬ್ರು ಡಾಕ್ಟರದು. ಪಾಪ, ಟೀವಿ ನೋಡೋಕೆ ಅವರಿಗೆ ಟೈಮೆಲ್ಲಿ?"

ತಿರುಗಿಸಿದೆ, ನಂಬರು ಓದಿದೆ, ಕಂಪನಿಗೆ ಫೋನು ಹಚ್ಚಿದೆ. ಚಂದಾ ನಿಂತುಹೋಗಿದೆ ಎಂದರು. ಅಂಗಡಿಯವನು ಬೇಸರಿಸದೆ ಇನ್ನೊಂದು ತೆಗೆದ.

"ಇದು ಗ್ಯಾರಂಟಿ ಮಾಲು. ಡಾಕ್ಟರದು."

"ಅದೂ ಡಾಕ್ಟರದೇ ಅಂದ್ರಲ್ಲ?"

"ಇವರು ಬೇರೆ ಡಾಕ್ಟರಕ್ಕ. ಹಲ್ಲಿನವರು."

ಹಲ್ಲಿನವರದೂ ಸತ್ತುಹೋಗಿತ್ತು. ಮೂರನೆಯದು ರಿಮೋಟುಗಳ ಬುಟ್ಟಿಯ ಕೆಳಗಿಂದ ಹೊರಬಂತು. ಅದರ ನೆತ್ತಿಯ ಮೇಲೆ ದುಂಡಗೆ ಒಂದು ಬಿಳಿ ಕಲೆ, ಯಾರೋ ಬಿಸಿ ಲೋಟ ಇಟ್ಟದ್ದು. ನಂಬರು ಓದಿದೆ. ಆ ಕಡೆಯ ಹುಡುಗಿ ಕೀಲಿಮಣೆ ಕುಟ್ಟಿ ಹೇಳಿದಳು: "ಆಜೀವ ಚಂದಾ ಇದೆ ಮೇಡಂ. ಚಾಲ್ತಿಯಲ್ಲಿದೆ."

ಕುಣಿದಾಡುವಂತಾಯಿತು. ಮುಖದಲ್ಲಿ ತೋರಿಸಲಿಲ್ಲ. ಬೆರಳಿನಿಂದ ಆ ಬಿಳಿ ಉಂಗುರ ತೋರಿಸಿದೆ.

"ಇದೇನಿದು? ಯಾವ ಡಾಕ್ಟರು ಇಟ್ಟದ್ದು ಲೋಟ? ಇಂಥ ಅಶಿಸ್ತಿನ ಮನುಷ್ಯನ ಡಬ್ಬಕ್ಕೆ ಇಷ್ಟು ರೇಟು ಕೊಡಲ್ಲ ನಾನು."

ಅವನು ಇಳಿಸಿದ. ನನ್ನ ಕಣ್ಣಿಗೆ ಆ ಉಂಗುರ ಪೂರ್ಣಚಂದ್ರನಂತೆ ಕಂಡಿತು. ಹೊರಡುವಾಗ ತಡೆಯಲಾರದೆ ಹೇಳಿಯೇಬಿಟ್ಟೆ: "ಆಜೀವ ಚಂದಾ ಇರೋದನ್ನ ಮಾರಿದಾರೆ ಅಂದ್ರೆ ಎಂಥ ಪೆದ್ದರಿರಬೇಕು."

"ಇರ್ತಾರಕ್ಕ ಅಂಥವರು," ಎಂದ ಅವನು. "ಅವರಿಂದಲೇ ನಮ್ಮ ಹೊಟ್ಟೆ ತುಂಬ್ತಿರೋದು."

ಮನೆಯಲ್ಲಿ ಡಬ್ಬವನ್ನು ಟೀವಿಯ ಕೆಳಗೆ ಪ್ರತಿಷ್ಠಾಪಿಸಿದೆ. ಯಜಮಾನರು ಬಂದರು. ನೋಡಿದರು. ಕುಡಿಯುತ್ತಿದ್ದ ಲೋಟವನ್ನು ಅದರ ಮೇಲಿಟ್ಟರು. ಸರಿಯಾಗಿ ಆ ಉಂಗುರದ ಮೇಲೆಯೇ ಕೂತಿತು.

"ರೀ, ಅಲ್ಲಿಡಬೇಡಿ. ಮೊದಲೇ ಯಾವನೋ ಅದನ್ನ ಹಾಳು ಮಾಡಿದಾನೆ."

"ಇದನ್ನ ಎಲ್ಲೋ ನೋಡಿದ ಹಾಗಿದೆ ಕಣೇ."

"ಕಪ್ಪು ಡಬ್ಬ ಎಲ್ಲ ಒಂದೇ ಥರ ಇರತ್ತೆ. ಮೊದಲಿನವರು ಪೆದ್ದರು, ನಮ್ಮ ಅದೃಷ್ಟ."

ಡಬ್ಬಕ್ಕೆ ಜೀವ ಬಂತು. ಹಳೆಯ ಮಾಲೀಕನ ಖಜಾನೆ ತೆರೆಯಿತು: ಪಂದ್ಯ, ಪಂದ್ಯ, ಪಂದ್ಯ. ಮೇಲಿಂದ ಕೆಳಗಿನವರೆಗೆ ಬರೀ ಫುಟ್‌ಬಾಲ್. ಹೊಸದಾಗಿ ಏನಾದರೂ ರೆಕಾರ್ಡ್ ಮಾಡಲು ಹೊರಟರೆ ಮಾತ್ರ ಗುಪ್ತಸಂಖ್ಯೆ ಕೇಳುತ್ತದೆ. ಗುಪ್ತಸಂಖ್ಯೆ ಹಳೆಯ ಪೆದ್ದನ ಹೊಟ್ಟೆಯಲ್ಲಿದೆ. ಮರುದಿನ ಸಂಜೆಯೇ ಮೆಟ್ಟಿಲ ರಹಸ್ಯ ಬಯಲಾಗುವ ಸಂಚಿಕೆ.

ಬೆಳಿಗ್ಗೆ ಎದ್ದವಳೇ ಕಂಪನಿಗೆ ಫೋನು ಮಾಡಿದೆ. ರಜೆಯ ದಿನ. ಯಜಮಾನರು ಹಿತ್ತಿಲ ಬಾಗಿಲಲ್ಲಿ ಕೂತು ಮಗುವಿನ ಉಗುರು ಕತ್ತರಿಸುತ್ತಿದ್ದರು. ಅತ್ತೆ ಬಟ್ಟೆ ಮಡಚುತ್ತಿದ್ದರು. ಫೋನೆತ್ತಿದ್ದು ಅದೇ ಹುಡುಗಿ.

"ಡಬ್ಬ ನಿಮ್ಮ ಹೆಸರಿಗೆ ಆದ್ರೆ ಹೊಸ ಗುಪ್ತಸಂಖ್ಯೆ ಕೊಡ್ತೀವಿ ಮೇಡಂ. ಆದ್ರೆ ಹಳೇ ಮಾಲೀಕರು ಒಪ್ಪಬೇಕು."

"ಅವರು ಎಲ್ಲಿದ್ದಾರೋ ಏನೋ, ನಾನೆಲ್ಲಿ ಹುಡುಕಲಮ್ಮ?"

"ನಮ್ಮ ಹತ್ರ ನಂಬರಿದೆ. ಲೈನಲ್ಲೇ ಇರಿ, ಅವರನ್ನೂ ಸೇರಿಸ್ತೀನಿ."

ಸಂಗೀತ ಶುರುವಾಯಿತು. ನಾನು ಕೈ ಮುಗಿದು ನಿಂತೆ. ಪುಣ್ಯಾತ್ಮ ಫೋನು ಎತ್ತಲಿ, ಒಪ್ಪಲಿ.

ಹಿತ್ತಿಲಲ್ಲಿ ಯಜಮಾನರ ಫೋನು ಬಡಿದುಕೊಂಡಿತು.

"ರೀ, ನಿಮ್ಮ ಫೋನಿನ ಬಾಯಿ ಮುಚ್ಚಿಸಿ, ಇಲ್ಲಿ ದೊಡ್ಡ ಮಾತುಕತೆ ನಡೀತಿದೆ," ಎಂದೆ.

"ಹಲೋ," ಎಂದರು ಅವರು ಹಿತ್ತಿಲಲ್ಲಿ.

"ಹಲೋ," ಎಂದಿತು ನನ್ನ ಕಿವಿಯಲ್ಲಿದ್ದ ಫೋನು, ಅವರದೇ ದನಿಯಲ್ಲಿ.

"ಸರ್, ನಿಮ್ಮ ರೆಕಾರ್ಡರನ್ನ ಒಬ್ಬರು ಮೇಡಂ ಕೊಂಡಿದ್ದಾರೆ. ಅವರ ಹೆಸರಿಗೆ ಮಾಡೋಕೆ ನಿಮ್ಮ ಒಪ್ಪಿಗೆ ಇದೆಯಾ?"

ಯಜಮಾನರು ನಿಧಾನವಾಗಿ ತಲೆ ತಿರುಗಿಸಿ ನನ್ನನ್ನು ನೋಡಿದರು. ನಾನು ಡಬ್ಬದ ಮೇಲಿನ ಬಿಳಿ ಉಂಗುರವನ್ನು ನೋಡಿದೆ. ಅಲ್ಲಿಂದ ಮೇಜಿನ ಮೇಲಿನ ಉಂಗುರವನ್ನು ನೋಡಿದೆ. ಅವಳಿಜವಳಿ.

"ನಾನು ಮಾರಿದ ನೆನಪಿಲ್ವಲ್ಲ," ಎಂದರು ಅವರು ಫೋನಿಗೆ, ಬಹಳ ಗಂಭೀರವಾಗಿ. "ಕೊಂಡವರು ಹೇಗಿದ್ದಾರೆ? ಒಳ್ಳೇ ಜನಾನಾ?"

"ಗೊತ್ತಿಲ್ಲ ಸರ್. ಪ್ರಶ್ನೆ ತುಂಬ ಕೇಳ್ತಾರೆ."

"ಹಾಗಿದ್ರೆ ಅವಳೇ."

ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ಅತ್ತೆ ಬಂದು ಡಬ್ಬವನ್ನು ಬಗ್ಗಿ ನೋಡಿದರು. "ಇದಾ? ಇದು ನೀನು ಗುಜರಿಯವನಿಗೆ ಕೊಟ್ಟದ್ದಲ್ವೇನೇ. 'ಯಾವುದಕ್ಕೂ ಅವನನ್ನ ಒಂದು ಮಾತು ಕೇಳು' ಅಂದೆ ನಾನು. 'ಲೋಟ ಇಡೋಕೆ ಬಿಟ್ರೆ ಇನ್ಯಾತಕ್ಕೂ ಬರಲ್ಲ ಅತ್ತೆ' ಅಂದಿದ್ದೆ ನೀನು."

"ನೆನ್ನೆನೇ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಅಷ್ಟು ಸಂತೋಷವಾಗಿದ್ದೆ. ಯಾಕೆ ಕೆಡಿಸೋದು ಅಂತ ಸುಮ್ಮನಿದ್ದೆ. ಕೂಸನ್ನ ಕಂಕುಳಲ್ಲಿಟ್ಕೊಂಡು ಊರೆಲ್ಲ ಹುಡುಕಿದ್ರು ಅನ್ನೋದನ್ನ ಕೇಳಿದ್ದೆ. ಕೂಸಿನ ಸಮೇತ ಹೋಗಿ ದುಡ್ಡು ಕೊಟ್ಟು ತಂದದ್ದನ್ನ ನೋಡಿದ್ದು ಇದೇ ಮೊದಲು."

ಸಾವಿರ ಡಬ್ಬ ತಿರುಗಿಸಿ ನೋಡಿದ ಈ ಕೈಗಳು ಅದೊಂದು ದಿನ, ಅದೊಂದು ಡಬ್ಬವನ್ನು ತಿರುಗಿಸಿರಲಿಲ್ಲ.

"ಮೇಡಂ, ಲೈನಲ್ಲಿದೀರಾ?" ಎಂದಳು ಹುಡುಗಿ. "ನಿಮ್ಮ ವಿಳಾಸ ಹೇಳಿ."

ಹೇಳಿದೆ.

"ಅದು ಹಳೇ ಮಾಲೀಕರದು ಮೇಡಂ. ನಿಮ್ಮದು ಹೇಳಿ."

"ನಂದೂ ಅದೇನಮ್ಮ."

"ಅವರು ನಿಮಗೇನಾಗಬೇಕು ಮೇಡಂ?"

"ಗಂಡ."

ಆ ಕಡೆಯಿಂದ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಂಥ ಸದ್ದು.

"ನಗ್ತಿದೀಯೇನಮ್ಮ?"

"ಇಲ್ಲ ಮೇಡಂ. ಲೈನ್ ಸರಿ ಇಲ್ಲ."

ಮಾಲೀಕರು ಆಗ ತಮ್ಮ ಷರತ್ತನ್ನು ಘೋಷಿಸಿದರು. ಒಪ್ಪಿಗೆ ಕೊಡುತ್ತಾರಂತೆ, ಆದರೆ ಅವರ ಒಂದೇ ಒಂದು ಪಂದ್ಯವನ್ನೂ ಅಳಿಸಕೂಡದಂತೆ. ಸಂಜೆಯ ಮೆಟ್ಟಿಲು ಕಣ್ಮುಂದೆ ಬಂತು. ಒಪ್ಪಿದೆ. ಗುಪ್ತಸಂಖ್ಯೆ ಬಂತು. ರೆಕಾರ್ಡಿಗೆ ಹಾಕಿದೆ. ಸಂಜೆ ಶೀರ್ಷಿಕೆ ಗೀತೆ ಕೇಳಿದಾಗ ಯಾವ ಉದ್ವೇಗವೂ ಇಲ್ಲದೆ, ಮಹಾರಾಣಿಯ ಹಾಗೆ, ಎಡಗಿವಿಯನ್ನು ಮಗಳಿಗೆ ಒಪ್ಪಿಸಿದೆ.

ಮರುದಿನ ಮಧ್ಯಾಹ್ನ ಮಗು ಮಲಗಿತು. ಚಹಾ ಮಾಡಿಕೊಂಡು, ಕಾಲು ಚಾಚಿ, ಗುಂಡಿ ಒತ್ತಿದೆ. ಸೊಸೆಯ ಕಣ್ಣು ಅರಳಿತು. ಗುಡುಗಿನ ಸಂಗೀತ. ಅವಳು ನಡುಗುವ ಬೆರಳೆತ್ತಿ, ಮನೆಮಂದಿಯ ಸಾಲಿನ ಕಡೆ ತೋರಿಸುತ್ತಾ, "ನನ್ನನ್ನು ತಳ್ಳಿದ್ದು..." ಎಂದಳು.

ಪರದೆ ಕಪ್ಪಾಯಿತು. ಡಬ್ಬದಲ್ಲಿ ಜಾಗ ಮುಗಿದಿದೆ ಎಂಬ ಸೂಚನೆ ಬಂತು.

"ಅತ್ತೆ," ಎಂದೆ, ಅಳು ತಡೆದುಕೊಂಡು. "ನೆನ್ನೆ ನೀವು ನೋಡಿದ್ರಲ್ಲ, ಯಾರು ತಳ್ಳಿದ್ದು?"

"ಬೆರಳು ಎತ್ತಿದ್ಲು," ಎಂದರು ಅತ್ತೆ. "ಅಷ್ಟರಲ್ಲಿ ಜಾಹೀರಾತು ಬಂತು."

ಅಷ್ಟು ಸಾಕು, ಮುಂದಿನದು ನನಗೆ ಬಾಯಿಪಾಠ.

"ನಂಗೊತ್ತು," ಎಂದಿತು ಹಿಂದಿನಿಂದ ಒಂದು ದನಿ. ಯಜಮಾನರು. "ಅಮ್ಮ ನಿದ್ದೆ ಹೋಗಿದ್ರು. ಸುಮ್ಮನೆ ಕೂತಿದ್ದೆ. ಕಣ್ಣಿಗೆ ಬಿತ್ತು."

ಮೆಟ್ಟಿಲಿನ ಮೇಲೆ ಅನುಮಾನ ಪಟ್ಟ ಮನುಷ್ಯ. ಆದರೆ ಕಥೆ ಹೇಳಲು ಕೂತರು ನೋಡಿ, ಎಲ್ಲೂ ಬಿಡಲಿಲ್ಲ. ಮೊದಲಿಂದ ಶುರುಮಾಡಿದರು. ಸೊಸೆಯ ಹಾಗೆ ಕಣ್ಣರಳಿಸಿದರು, ಗುಡುಗಿನ ಸಂಗೀತವನ್ನು ಬಾಯಲ್ಲೇ ನುಡಿಸಿದರು, ಆ ಸೊಸೆಯ ಮಾವನ ಕೆಮ್ಮನ್ನೂ ಬಿಡದೆ ಕೆಮ್ಮಿದರು. ಜಾಹೀರಾತುಗಳನ್ನು ತಾವೇ ತೆಗೆದುಹಾಕಿದರು. ನಾನು ಅವರ ಭುಜಕ್ಕೆ ಒರಗಿ ಕೇಳುತ್ತಿದ್ದೆ. ದನಿ ಹಿತವಾಗಿತ್ತು. ಎಷ್ಟೋ ತಿಂಗಳ ಮೇಲೆ ಯಾರೋ ನನಗೆ ಕಥೆ ಹೇಳುತ್ತಿದ್ದರು, ನನ್ನ ಎರಡೂ ಕಿವಿಗಳು ನನ್ನವೇ ಆಗಿದ್ದವು.

ಎಚ್ಚರವಾದಾಗ ಚಹಾ ತಣ್ಣಗಾಗಿತ್ತು. ಮಗು ಎದ್ದು ಅವರ ತೊಡೆಯ ಮೇಲೆ ಕೂತು, ಕಾಪಾಡಿಕೊಂಡು ಬಂದ ನನ್ನ ಅರ್ಧ ಗಂಟೆ ಮುಗಿದದ್ದನ್ನು ಸಂಭ್ರಮದಿಂದ ಸಾರುತ್ತಿತ್ತು.

"ರೀ, ಕೊನೆಗೆ ಯಾರು ತಳ್ಳಿದ್ದು?"

ಅವರು ಲೋಟವನ್ನು ಡಬ್ಬದ ಮೇಲೆ, ಅದರ ಸ್ವಂತ ಜಾಗದಲ್ಲಿ ಇಟ್ಟರು.

"ಹೇಳಾಯ್ತಲ್ಲ. ನೀನು ಮಲಗಿದ್ದೆ. ನನ್ನಲ್ಲಿ ಹಿಂದಕ್ಕೆ ಓಡಿಸೋ ಗುಂಡಿ ಇಲ್ಲ ಕಣೇ."